ಮೊದಲ ತಾಸಿನ ಗಂಜಿ

ನನ್ನ ಬೆರಳುಗಳ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ. ಕಾರವಾರದ ಒಂದು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಬರೀ ಮೂರು ಯಂತ್ರಗಳಿದ್ದ ಕಾಲದಲ್ಲಿ ನಾನು ಅಲ್ಲಿ ಟೆಕ್ನಿಶಿಯನ್ ಆಗಿದ್ದೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಪೇಶಂಟಿನ ತೋಳಿನ ಮೇಲೆ ಮೂರು ಬೆರಳಿಟ್ಟರೆ ಸಾಕು, ಸೂಜಿ ಎಲ್ಲಿ ಹೋಗಬೇಕು, ಎಷ್ಟು ಓರೆಯಾಗಿ ಹೋಗಬೇಕು ಎಂಬುದು ನನಗೆ ತಿಳಿಯುತ್ತಿತ್ತು. ಒಂದೇ ಸಲಕ್ಕೆ ಸೂಜಿ ಹಾಕುವವಳು ಎಂದು ನನ್ನ ಹಾಸಿಗೆಯೇ ಬೇಕೆಂದು ಜಗಳ ಮಾಡುವವರಿದ್ದರು. ಅವರ ಜಗಳ ಬಿಡಿಸುವಾಗ ನಾನು ಮುಖ ಗಂಟಿಕ್ಕಿಕೊಂಡಿರುತ್ತಿದ್ದೆ, ಒಳಗೊಳಗೆ ಖುಷಿಯಾಗುತ್ತಿತ್ತು.

ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರ ತೊಳೆದುಕೊಡಬೇಕಾದರೆ ಅದಕ್ಕೆ ನಿಮಿಷಕ್ಕೆ ಒಂದು ದೊಡ್ಡ ಲೋಟದಷ್ಟು ರಕ್ತ ಸಿಗಬೇಕು. ಮಾಮೂಲಿ ರಕ್ತನಾಳದಿಂದ ಅಷ್ಟು ಬರುವುದಿಲ್ಲ. ಅದಕ್ಕೇ ಸರ್ಜನ್ನರು ಮಣಿಕಟ್ಟಿನ ಹತ್ತಿರ, ಹೃದಯದಿಂದ ಜೋರಾಗಿ ರಕ್ತ ತರುವ ನಾಳವೊಂದನ್ನು ಪಕ್ಕದ ಇನ್ನೊಂದು ನಾಳಕ್ಕೆ ಸೇರಿಸಿ ಹೊಲಿಯುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಒಂದೆರಡು ತಿಂಗಳಲ್ಲಿ ಆ ನಾಳ ಉಬ್ಬಿ, ಚರ್ಮದ ಕೆಳಗೆ ಹಗ್ಗ ಹಾಯಿಸಿಟ್ಟ ಹಾಗೆ ಕಾಣುತ್ತದೆ. ಬೆರಳಿಟ್ಟರೆ ಒಳಗೆ ಗುಂಯ್ ಎನ್ನುತ್ತದೆ. ಆ ಗುಂಯ್ ನಿಂತರೆ ರಕ್ತ ಹೆಪ್ಪುಗಟ್ಟಿತು ಎಂದೇ ಅರ್ಥ. ಆಗ ಕುತ್ತಿಗೆಗೆ ನಳಿಕೆ ಹಾಕಿ ಕೂರಿಸಿ, ಬೇರೆ ಕೈ ಹುಡುಕಬೇಕು. ಮನುಷ್ಯನಿಗಿರುವುದು ಎರಡೇ ಕೈ.

ಹಾರವಾಡದ ಚಿಕ್ಕಿಗೆ ಉಳಿದಿದ್ದು ಒಂದೇ.

ಚಿಕ್ಕಿ ಎಂದರೆ ಚಿಕ್ಕಮ್ಮ, ಆದರೆ ಇವಳು ಸಂಬಂಧದವಳಲ್ಲ. ನನ್ನ ಊರು ಅಂಕೋಲೆ ತಾಲೂಕಿನ ಅಗಸೂರು. ನಾನು ಲಂಗ ಉಟ್ಟುಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹಾರವಾಡದಿಂದ ಮೀನಿನ ಬುಟ್ಟಿ ಹೊತ್ತು ವಾರಕ್ಕೆ ಮೂರು ದಿನ ನಮ್ಮ ಅಂಗಳಕ್ಕೆ ಬರುತ್ತಿದ್ದವಳು ಅವಳು. ನನ್ನ ಅಮ್ಮ, ನಮ್ಮ ಬಾಯಲ್ಲಿ ಆಯಿ, ಅವಳಿಗೆ ಮಜ್ಜಿಗೆ ಕೊಟ್ಟು ಕೂರಿಸಿಕೊಂಡು, ಬಂಗಡೆ ಮೀನಿನ ಕಿವಿರು ಎತ್ತಿ ನೋಡುತ್ತ, ಊರಿನ ಸುದ್ದಿಯೆಲ್ಲ ಕೇಳುತ್ತಿದ್ದಳು. ನಾವು ಮಕ್ಕಳು ಅವಳನ್ನು ಚಿಕ್ಕಿ ಎಂದೇ ಕರೆಯುತ್ತಿದ್ದೆವು. ಇಪ್ಪತ್ತು ವರ್ಷದ ಮೇಲೆ ಆ ಚಿಕ್ಕಿ ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ಊದಿದ ಮುಖ ಹೊತ್ತು ನಿಂತಾಗ ನಾನು ಗುರುತಿಸಲಿಲ್ಲ. ಅವಳೇ ಗುರುತಿಸಿದಳು. ನನ್ನ ಬಿಳಿ ಕೋಟು ನೋಡಿ, ನಾನು ಇನ್ನೊಬ್ಬ ಪೇಶಂಟಿಗೆ ನೀರು ಜಾಸ್ತಿ ಕುಡಿದದ್ದಕ್ಕೆ ಬಯ್ಯುತ್ತಿದ್ದುದನ್ನು ಕೇಳಿ, "ಸಾಲಿ ಅಕ್ಕೋರಾಗ್ಬೇಕಾಗಿತ್ತು ನೀವು" ಎಂದಳು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಅಲ್ಲಿಂದ ಮುಂದೆ ನಾನು ಅವಳ ಬಾಯಲ್ಲಿ ಅಕ್ಕೋರೇ. ಪ್ರೀತಿ ಉಕ್ಕಿದರೆ ಮಾತ್ರ ತಂಗಿ.

ಅವಳ ಬಲಗೈ ಫಿಸ್ಟುಲಾ ಒಂದೇ ವರ್ಷಕ್ಕೆ ಹೆಪ್ಪುಗಟ್ಟಿ ಹೋಗಿತ್ತು. ಆಮೇಲೆ ಕುತ್ತಿಗೆಗೆ ಹಾಕಿದ ನಳಿಕೆಗೆ ನಂಜು ಏರಿ, ಚಳಿಜ್ವರ ಬಂದು, ಹತ್ತು ದಿನ ಬದುಕೋ ಸಾವೋ ಎಂಬಂತಿದ್ದಳು. ಇನ್ನೊಂದು ಸಲ ನಳಿಕೆ ಹಾಕುವ ಹಾಗಾದರೆ ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ಅವಳೆದುರೇ ಹೇಳಿದ್ದರು. ಎಡಗೈಯಲ್ಲಿ ಹೊಸದಾಗಿ ಮಾಡಿದ ಫಿಸ್ಟುಲಾ ಚೆನ್ನಾಗಿ ಬೆಳೆದಿತ್ತು. ಅವಳ ಗಂಡ, ಮಗ ಇಬ್ಬರೂ ಬೋಟಿನವರು. ಹಾಗಾಗಿ ಕೈಯೊಳಗಿನ ಆ ಗುಂಯ್‌ಗೆ ಅವಳು ಇಂಜಿನ್ ಎಂದೇ ಹೆಸರಿಟ್ಟಿದ್ದಳು. ಬಾಗಿಲು ದಾಟುತ್ತಿದ್ದಂತೆ ತೋಳು ಮುಂದೆ ಚಾಚಿ, "ಇಂಜಿನ್ ಚಾಲೂ ಅದೆ, ನೋಡ್ಕಣಿ ಅಕ್ಕೋರೆ" ಎನ್ನುವಳು. ನಾನು ಬೆರಳಿಟ್ಟು ತಲೆಯಾಡಿಸುತ್ತಿದ್ದೆ.

ನಮ್ಮ ಕೋಣೆಯಲ್ಲಿ ಒಂದು ರೂಢಿ ಇತ್ತು. ಯಾವ ಪುಸ್ತಕದಲ್ಲೂ ಇಲ್ಲದ ರೂಢಿ. ಯಂತ್ರಕ್ಕೆ ಜೋಡಿಸಿದ ಮೊದಲ ತಾಸು ಊಟದ ತಾಸು. ಈ ರೋಗಿಗಳಿಗೆ ಉಪ್ಪು ಬೇಡ, ಉಪ್ಪಿನಕಾಯಿ ಬೇಡ, ಎಳನೀರು ಬೇಡ, ಬಾಳೆಹಣ್ಣು ಬೇಡ. ಬೇಡಗಳ ಪಟ್ಟಿ ಉದ್ದ. ಆದರೆ ಯಂತ್ರಕ್ಕೆ ಹಾಕಿದ ಮೇಲೆ ತಿಂದದ್ದನ್ನೆಲ್ಲ ಯಂತ್ರವೇ ತೊಳೆದುಬಿಡುತ್ತದೆ, ಮೈಗೆ ಹತ್ತುವುದಿಲ್ಲ ಎಂಬುದು ಅವರೆಲ್ಲರ ಗಟ್ಟಿ ನಂಬಿಕೆ. ಅದಕ್ಕೇ ಸೂಜಿ ಹಾಕಿ ಯಂತ್ರ ತಿರುಗತೊಡಗಿದ ಕೂಡಲೇ ಡಬ್ಬಿಗಳು ತೆರೆದುಕೊಳ್ಳುತ್ತಿದ್ದವು. ಚಿಕ್ಕಿಯದು ಕುಚ್ಚಲಕ್ಕಿ ಗಂಜಿ, ಒಂದು ತುಂಡು ಸುಟ್ಟ ಒಣ ಬಂಗಡೆ, ಉಪ್ಪಿನಕಾಯಿಯ ಒಂದು ಹೋಳು. ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುವವಳು ಮನೆಯಲ್ಲಿ ಚಹವನ್ನೂ ಕುಡಿಯದೆ ಈ ಗಂಜಿಗಾಗಿ ಹೊಟ್ಟೆ ಕಾಯಿಸಿಕೊಂಡು ಬರುತ್ತಿದ್ದಳು. ನಾನು ಬಯ್ಯುತ್ತಿದ್ದೆ. ಆದರೆ ಡಬ್ಬಿ ಕಸಿದುಕೊಳ್ಳುವಷ್ಟು ಕಲ್ಲು ಮನಸ್ಸು ನನ್ನದಲ್ಲ. ವಾರಕ್ಕೆ ಎರಡು ಸಲ ಬರುವವರು, ಆ ಎರಡು ತಾಸು ಮನುಷ್ಯರ ಹಾಗೆ ಉಂಡರೆ ಉಣ್ಣಲಿ ಎಂದು ಬಿಟ್ಟಿದ್ದೆ.

ಹೀಗಿರುವಾಗ ನಮ್ಮಲ್ಲಿಗೆ ಹರಿವು ಅಳೆಯುವ ಪೆಟ್ಟಿಗೆ ಬಂತು. ನಮ್ಮದಲ್ಲ, ಎರವಲು. ನಳಿಕೆ, ಫಿಲ್ಟರು ಒದಗಿಸುವ ಕಂಪನಿಯವರು ಮೂರ್ನಾಲ್ಕು ತಿಂಗಳಿಗೊಮ್ಮೆ ಒಂದು ದಿನದ ಮಟ್ಟಿಗೆ ಗೋವೆಯಿಂದ ಕಳಿಸುತ್ತಿದ್ದರು. ಅದನ್ನು ಬಳಸುವುದಕ್ಕೆ ನಾನು ದೊಡ್ಡ ಊರಿಗೆ ಹೋಗಿ ಮೂರು ದಿನ ತರಬೇತಿ ಪಡೆದು ಬಂದಿದ್ದೆ. ಕೆಲಸ ಸುಲಭ. ಯಂತ್ರದ ಎರಡು ನಳಿಕೆಗಳನ್ನು ಐದು ನಿಮಿಷ ಅದಲುಬದಲು ಮಾಡುವುದು, ಅವುಗಳ ಮೇಲೆ ಚಿಮುಟದಂಥ ಎರಡು ಸೆನ್ಸರ್ ಕಚ್ಚಿಸುವುದು, ತೋಳಿಗೆ ಮರಳುವ ರಕ್ತಕ್ಕೆ ಒಂದು ಸಿರಿಂಜು ಸಲೈನ್ ಬಿಡುವುದು. ಆಯಿಗೆ ನಾನು ಹೀಗೆ ವಿವರಿಸಿದ್ದೆ: ನಮ್ಮೂರ ಹಳ್ಳಕ್ಕೆ ಮೇಲುಗಡೆ ಒಂದು ಚೊಂಬು ಅರಿಶಿಣದ ನೀರು ಸುರಿದು, ಕೆಳಗಡೆ ಒಂದು ಚೊಂಬು ನೀರು ಎತ್ತಿಕೋ. ಹಳ್ಳ ತುಂಬಿ ಹರಿಯುತ್ತಿದ್ದರೆ ಚೊಂಬಿನಲ್ಲಿ ಹಳದಿ ಕಾಣುವುದೇ ಇಲ್ಲ, ಹಳ್ಳ ಬತ್ತಿದ್ದರೆ ಗಾಢವಾಗಿ ಕಾಣುತ್ತದೆ. ಪೆಟ್ಟಿಗೆ ಇದೇ ಲೆಕ್ಕ ಹಾಕಿ, ಕೈಯಲ್ಲಿ ನಿಮಿಷಕ್ಕೆ ಎಷ್ಟು ಮಿಲಿ ರಕ್ತ ಹರಿಯುತ್ತಿದೆ ಎಂದು ಪರದೆಯ ಮೇಲೆ ಬರೆದು ತೋರಿಸುತ್ತದೆ. ಐನೂರಕ್ಕಿಂತ ಕೆಳಗಿಳಿದರೆ ನಾಳ ಎಲ್ಲೋ ಕಿರಿದಾಗಿದೆ ಎಂದು ತಿಳಿದು, ಹೆಪ್ಪುಗಟ್ಟುವ ಮೊದಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ನಾಳದೊಳಗೆ ಸಣ್ಣ ಬಲೂನು ತೂರಿಸಿ ಹಿಗ್ಗಿಸುತ್ತಾರೆ.

ಮೊದಲ ಸಲ ಪೆಟ್ಟಿಗೆ ಬಂದಾಗ ಚಿಕ್ಕಿಯ ಕೈ ಒಂಬೈನೂರು ದಾಟಿತ್ತು. "ಬೋಟು ಗೋವಾ ಮುಟ್ಟಿ ಬತ್ತದೆ" ಎಂದು ಅವಳು ಕೋಣೆಗೆಲ್ಲ ಸಾರಿದಳು.

ಎರಡನೇ ಸಲ ಬಂದದ್ದು ಆಗಸ್ಟ್ ತಿಂಗಳಲ್ಲಿ. ಮಳೆಗಾಲದ ಎರಡು ತಿಂಗಳು ದಡಕ್ಕೆಳೆದಿದ್ದ ಬೋಟುಗಳು ಮತ್ತೆ ಕಡಲಿಗೆ ಇಳಿದ ವಾರ. ಹೊಸ ಮೀನು, ಒಳ್ಳೆಯ ಗಿರಾಕಿ, ಮನೆಮನೆಯಲ್ಲೂ ಬಾಯಿ ಕಟ್ಟಿ ಕೂತವರು. ಬುಟ್ಟಿ ಹೊರುವುದನ್ನು ಸೊಸೆಗೆ ವಹಿಸಿದ್ದೇನೆ, ದಂಡೆಯಲ್ಲಿ ಮೀನು ಆರಿಸಿಕೊಡುವುದು ಮಾತ್ರ ನನ್ನ ಕೆಲಸ ಎಂದು ಚಿಕ್ಕಿ ನಮಗೆ ಹೇಳಿದ್ದಳು. ಆ ದಿನ ಅವಳು ಬೆಳಗಿನ ಜಾವವೇ ದಂಡೆಗೆ ಹೋಗಿ, ಅಲ್ಲಿಂದ ನೇರ ಬಸ್ಸು ಹತ್ತಿ ಬಂದಿದ್ದಳು. ಹಸಿವಿನಿಂದ ಮುಖ ಬಾಡಿತ್ತು. ಪೆಟ್ಟಿಗೆ ತಯಾರಾಗಿತ್ತು. ಅಳೆಯುವಾಗ ಕೈ ಅಲ್ಲಾಡಬಾರದು, ಊಟ ನಡುವೆ ನಿಲ್ಲಿಸಬೇಕು. ಅವಳು ಡಬ್ಬಿ ತೆರೆದಿದ್ದಳು. ಉಣ್ಣಲಿ, ಆಮೇಲೆ ಅಳೆದರಾಯಿತು ಎಂದು ನಾನು ಬೇರೆಯವರ ಕಡೆ ಹೋದೆ. ಅವಳತ್ತ ಮರಳುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಸೆನ್ಸರ್ ಕಚ್ಚಿಸಿ ಸಲೈನ್ ಬಿಟ್ಟೆ. ನಾನೂರಾ ಹತ್ತು ತೋರಿಸಿತು.

ಉಳಿದಿದ್ದೇ ಒಂದು ಕೈ. ಅಂದೇ ಡಾಕ್ಟರಿಂದ ಚೀಟಿ ಬರೆಸಿ ಗೋವೆಗೆ ಓಡಿಸಿದೆ. ಹೊಸ ಮೀನಿನ ವಾರದಲ್ಲಿ ಎರಡು ದಿನ ಅವಳು ಮತ್ತು ಅವಳ ಗಂಡ ಅಲ್ಲಿಯ ಆಸ್ಪತ್ರೆಯ ವರಾಂಡದಲ್ಲಿ ಕಾದರು. ಕೊನೆಗೆ ನಾಳದ ಚಿತ್ರ ತೆಗೆದು ನೋಡಿದರೆ ಏನೂ ಇಲ್ಲ. ನಾಳ ಸರಿಯಾಗಿಯೇ ಇತ್ತು.

ವಾಪಸು ಬಂದವಳು ನನ್ನನ್ನು ಮಾತಿನಲ್ಲೇ ಸಿಗಿದು ಉಪ್ಪು ಹಾಕಿದಳು. "ಅಕ್ಕೋರ ಪೆಟ್ಗಿಗೆ ಕಣ್ಣು ಕಾಣೂದಿಲ್ಲಾಗಿತ್ತು" ಎಂದು ಪ್ರತಿ ಹಾಸಿಗೆಯವರಿಗೂ ಹೇಳಿ ನಗಿಸಿದಳು. ನಾನೂ ನಕ್ಕೆ. ಡಾಕ್ಟರು ಕೇಳಿದಾಗ ನಾನು ಗಟ್ಟಿ ದನಿಯಲ್ಲೇ ಹೇಳಿದೆ, ಆ ಪೆಟ್ಟಿಗೆ ಸರಿ ಇಲ್ಲ ಸರ್, ಬಸ್ಸಿನಲ್ಲಿ ಕುಲುಕಿ ಬಂದಿರಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಸಂಜೆ ನನ್ನ ಬಾಡಿಗೆ ಖೋಲಿಗೆ ಹೋಗಿ ತರಬೇತಿಯ ನೋಟ್‌ಬುಕ್ ತೆಗೆದೆ. ಹರಿವನ್ನು ಮೊದಲ ತಾಸಿನಲ್ಲೇ ಅಳೆಯಬೇಕು, ಯಂತ್ರ ಮೈಯ ನೀರು ಎಳೆದ ಹಾಗೆ ಬಿಪಿ ಇಳಿಯುತ್ತದೆ, ಬಿಪಿ ಇಳಿದರೆ ಹರಿವೂ ಇಳಿದು ಸುಳ್ಳು ಅಂಕಿ ಬರುತ್ತದೆ. ನನ್ನದೇ ಅಕ್ಷರ, ಕೆಳಗೆ ನಾನೇ ಎಳೆದ ಕೆಂಪು ಗೆರೆ. ಅವಳ ಅಂದಿನ ಕಾಗದದಲ್ಲಿ ಬಿಪಿ ತೊಂಬತ್ತಕ್ಕೆ ಇಳಿದದ್ದನ್ನೂ ನಾನೇ ಬರೆದಿದ್ದೆ. ಯಂತ್ರದ ಮೇಲೆ ಹೊಟ್ಟೆ ತುಂಬ ಉಂಡರೆ ಬಿಪಿ ಇನ್ನಷ್ಟು ಬೇಗ ಬೀಳುತ್ತದೆ ಎಂಬುದೂ ಗೊತ್ತಿದ್ದದ್ದೇ.

ನಾನು ಯಾರಿಗೂ ಹೇಳಲಿಲ್ಲ. ನೋಟ್‌ಬುಕ್ ಮುಚ್ಚಿಟ್ಟೆ. ಇನ್ನು ಮೇಲೆ ಸರಿಯಾಗಿ ಮಾಡಿದರಾಯಿತು ಎಂದುಕೊಂಡೆ. ಅಷ್ಟಕ್ಕೆ ಮುಗಿಯಿತು ಎಂದು ನನ್ನ ಲೆಕ್ಕ.

ಮೂರನೇ ಸಲ ಪೆಟ್ಟಿಗೆ ಬಂದಾಗ ಡಿಸೆಂಬರ್. ಅದು ಸೋಮವಾರ. ಈ ಸಲ ನಾನು ಮೊದಲೇ ಹುಕುಂ ಹೊರಡಿಸಿದೆ: ಅಳೆಯುವವರೆಗೆ ಯಾರೂ ಡಬ್ಬಿ ಮುಟ್ಟಬಾರದು. ಚಿಕ್ಕಿ ಗೊಣಗಿದಳು. "ಆ ಕುಡ್ಡ ಪೆಟ್ಗಿಗೋಸ್ಕರ ನನ್ನ ಗಂಜಿ ತಣ್ಸೂದಾ?" ನಾನು ಕಿವಿಗೊಡಲಿಲ್ಲ. ಸೂಜಿ ಹಾಕಿ ಇಪ್ಪತ್ತು ನಿಮಿಷವಾಗಿತ್ತು, ಬಿಪಿ ನೂರಾ ಮೂವತ್ತು ಇತ್ತು. ಅಳೆದೆ. ನಾನೂರಾ ಮೂವತ್ತು. ನಳಿಕೆ, ಸೆನ್ಸರ್ ಎಲ್ಲ ಮತ್ತೊಮ್ಮೆ ಪರೀಕ್ಷಿಸಿ ಅಳೆದೆ. ನಾನೂರಾ ಇಪ್ಪತ್ತು. ಮೂರನೇ ಸಲವೂ ಅದೇ ಸುಮಾರು.

"ಮತ್ತೆ ಗೋವಾಕ್ಕೆ ಕಳ್ಸೂರಾ?" ಎಂದಳು ಚಿಕ್ಕಿ, ನನ್ನ ಮುಖ ನೋಡಿ. "ನಾ ಹೋಗೂದಿಲ್ಲ. ಇಂಜಿನ್ ಮೊದ್ಲಿಗಿಂತ ಜೋರಾಗದೆ. ಕೈ ಇಟ್ಟು ನೋಡಿ ಬೇಕಾರೆ."

ಬೆರಳಿಟ್ಟೆ. ಜೋರಾಗಿಯೇ ಇತ್ತು. ನನ್ನ ಬೆರಳನ್ನು ಮೇಲಕ್ಕೆ ಎತ್ತಿ ಎತ್ತಿ ಎಸೆಯುತ್ತಿತ್ತು. ವಾರಕ್ಕೆ ಎರಡು ದಿನ ಬೇರೆ ಊರಿನಿಂದ ಬರುತ್ತಿದ್ದ ನಮ್ಮ ಡಾಕ್ಟರು ಅಂದು ಅಲ್ಲೇ ಇದ್ದರು. ಸ್ಟೆತಸ್ಕೋಪ್ ಇಟ್ಟು ಕೇಳಿದರು. "ಸದ್ದು ಚೆನ್ನಾಗಿದೆಯಲ್ಲ. ಹಿಂದಿನ ಸಲ ಸುಳ್ಳು ಹೇಳಿದ್ದೂ ಇದೇ ಪೆಟ್ಟಿಗೆ ತಾನೆ?" ಎಂದರು. ಆಮೇಲೆ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ, "ಇನ್ನೊಂದು ತಿಂಗಳು ನೋಡೋಣ" ಎಂದು ಮುಂದಿನ ಹಾಸಿಗೆಗೆ ಹೋದರು.

ನನ್ನ ಬಳಿ ಒಂದು ವಾಕ್ಯವಿತ್ತು. ಹಿಂದಿನ ಸಲ ತಪ್ಪಿದ್ದು ಪೆಟ್ಟಿಗೆಯಲ್ಲ ಸರ್, ನಾನು. ಅಷ್ಟು ಹೇಳಿದ್ದರೆ ಪೆಟ್ಟಿಗೆಯ ಮಾತಿಗೆ ಬೆಲೆ ಬರುತ್ತಿತ್ತು, ಅವಳು ಅಂದೇ ಗೋವೆಗೆ ಹೋಗುತ್ತಿದ್ದಳು. ಮೂರು ಹಾಸಿಗೆಯವರೂ, ಇಬ್ಬರು ನರ್ಸುಗಳೂ ಕೇಳಿಸಿಕೊಳ್ಳುತ್ತಿದ್ದರು. ಹೇಳದೆ, ಸೆನ್ಸರ್ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ. ಒಂದೇ ಸಲಕ್ಕೆ ಸೂಜಿ ಹಾಕುವವಳು ಎಂಬ ಹೆಸರು ನನಗೆ ಅಷ್ಟು ರುಚಿಯಾಗಿತ್ತು. ಅದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂದು ಸೂಜಿ ತೆಗೆದ ಮೇಲೆ ಅವಳ ಕೈಯಿಂದ ರಕ್ತ ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹತ್ತಿ ಒತ್ತಿ ಹಿಡಿಯುವ ಕೆಲಸವನ್ನು ಅವಳು ಯಾವಾಗಲೂ ತಾನೇ ಮಾಡಿಕೊಳ್ಳುತ್ತಿದ್ದಳು, ಬಸ್ಸು ತಪ್ಪುತ್ತದೆಂದು ಒತ್ತಿಕೊಂಡೇ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಹಾಗಾಗಿ ಎಷ್ಟು ದಿನದಿಂದ ಹೀಗಾಗುತ್ತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೇಳಿಯೂ ಇರಲಿಲ್ಲ.

ಬುಧವಾರ ನನ್ನ ವಾರದ ರಜೆ. ಊರಿಗೆ ಹೊರಟಿದ್ದೆ. ಅಂಕೋಲೆಯಲ್ಲಿ ಇಳಿದು ಅಗಸೂರಿನ ಬಸ್ಸು ಹಿಡಿಯಬೇಕು. ಬೆಳಗಿನ ಒಂಬತ್ತರ ಹೊತ್ತಿಗೆ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಕೇಣಿ, ಹಾರವಾಡ, ಬೇಲೆಕೇರಿ ಎಲ್ಲ ಕಡೆಯ ಮೀನಿನ ಬುಟ್ಟಿಗಳೂ ಸೇರುತ್ತವೆ. ಕಂಡಕ್ಟರನ ಜೊತೆ ಜಗಳಾಡುತ್ತ ನಿಂತ ಹೆಂಗಸರ ನಡುವೆ ನಮ್ಮ ಚಿಕ್ಕಿ. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ. ಬಲಗೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದಾಳೆ, ಎಡಗೈ ಎತ್ತಿ ಬುಟ್ಟಿಯ ಅಂಚು ಹಿಡಿದಿದ್ದಾಳೆ. ಫಿಸ್ಟುಲಾ ಇರುವ ಕೈ. ಸೊಸೆ ಹೊರುತ್ತಾಳೆ ಎಂದು ನಮಗೆ ಹೇಳಿದ ಬುಟ್ಟಿ.

ನನಗೆ ಸಿಟ್ಟು ನೆತ್ತಿಗೇರಿತು. ಆ ಕೈಯಲ್ಲಿ ಭಾರ ಹಿಡಿಯಬೇಡ ಎಂದು ಎಷ್ಟು ಸಲ ಹೇಳಿದ್ದೆ. ಬಯ್ಯುವುದಕ್ಕೆ ಬಾಯಿ ತೆರೆದು ಹತ್ತಿರ ಹೋದವಳು ಹಾಗೆಯೇ ನಿಂತೆ.

ಕೈ ಎತ್ತಿದರೆ ರಕ್ತ ಕೆಳಗಿಳಿಯುತ್ತದೆ, ಉಬ್ಬಿದ ನಾಳ ಕುಗ್ಗಿ ಚರ್ಮಕ್ಕೆ ಅಂಟಬೇಕು. ಸರಿಯಿರುವ ಫಿಸ್ಟುಲಾದ ಲಕ್ಷಣ ಅದು. ಚಿಕ್ಕಿ ಅಷ್ಟು ಹೊತ್ತಿನಿಂದ ಕೈ ಎತ್ತಿ ನಿಂತಿದ್ದಾಳೆ, ಆದರೂ ಮಣಿಕಟ್ಟಿನಿಂದ ಮೊಣಕೈಯವರೆಗೆ ಆ ನಾಳ ತುಂಬಿಕೊಂಡು ಸೆಟೆದು ನಿಂತಿದೆ. ಮೊಣಕೈಯಿಂದ ಮೇಲೆ ಉಬ್ಬೇ ಇಲ್ಲ. ಮೇಲೆಲ್ಲೋ ದಾರಿ ಕಟ್ಟಿದೆ, ಒಳಗೆ ಬಂದ ರಕ್ತಕ್ಕೆ ಹೋಗುವುದಕ್ಕೆ ಜಾಗವಿಲ್ಲ. ಇಂಜಿನ್ ಜೋರಾಗಿದೆ ಎಂದು ಅವಳು ಹೆಮ್ಮೆಪಟ್ಟದ್ದು, ನನ್ನ ಬೆರಳನ್ನು ಎತ್ತಿ ಎಸೆದದ್ದು, ಹತ್ತಿ ಒತ್ತಿದರೂ ರಕ್ತ ನಿಲ್ಲದ್ದು, ಎಲ್ಲ ಇದೇ. ಪೆಟ್ಟಿಗೆ ನಿಜವನ್ನೇ ಹೇಳಿತ್ತು.

"ಬಯ್ಯಿ, ಬಯ್ಯಿ" ಎಂದಳು ಚಿಕ್ಕಿ ನನ್ನನ್ನು ಕಂಡು. "ಸೊಸಿಗೆ ಜ್ವರ ಬಂದದೆ. ಭಾರ ಎಲ್ಲ ತಲೆ ಮೇಲೇ ಅದೆ, ಕೈ ಬರೇ ಆಸ್ರಕ್ಕೆ."

"ಚಿಕ್ಕಿ, ಬುಟ್ಟಿ ಇಳ್ಸು."

"ಬಸ್ಸು ಬತ್ತದೆ ಈಗೆ."

"ಇಳ್ಸು ಅಂದೆ." ನಾನೇ ಬುಟ್ಟಿ ಹಿಡಿದು ಕೆಳಗಿಳಿಸಿದೆ. ಅವಳ ಎಡಗೈಯನ್ನು ಮತ್ತೆ ಮೇಲೆತ್ತಿ ಹಿಡಿದು, ಅವಳಿಗೇ ತೋರಿಸಿದೆ. "ಇದು ಕುಗ್ಗಬೇಕಾಗಿತ್ತು. ಕುಗ್ತಾ ಇಲ್ಲ. ಮೇಲೆ ಕಟ್ಟಿದೆ. ಇವತ್ತು ನಾಳೆಯೊಳಗೆ ಹೋಗದಿದ್ದರೆ ಈ ಕೈಯೂ ಹೋಗ್ತದೆ."

ಅವಳು ಕೈ ಎಳೆದುಕೊಂಡಳು. "ಆವತ್ತೂ ಹೀಂಗೇ ಹೇಳಿದ್ರಿ."

ಬಸ್ಸುಗಳ ಸದ್ದು, ಮೀನಿನ ನೀರು, ಸುತ್ತ ಹತ್ತು ಹೆಂಗಸರು. ಆಸ್ಪತ್ರೆಯಲ್ಲಿ ಐದು ಜನರೆದುರು ಬಾರದ ಮಾತು ಅಲ್ಲಿ ಬಂತು. "ಆವತ್ತು ಪೆಟ್ಟಿಗೆ ತಪ್ಪು ಮಾಡ್ಲಿಲ್ಲ ಚಿಕ್ಕಿ. ನಾ ಮಾಡ್ದೆ. ಮೊದಲ ತಾಸಿನಲ್ಲೇ ಅಳೀಬೇಕಾಗಿತ್ತು. ನೀ ಗಂಜಿ ಉಣ್ತಾ ಇದ್ದೆ ಅಂತ ಬಿಟ್ಟೆ, ಆಮೇಲೆ ನಿನ್ನ ಬಿಪಿ ಇಳಿದ ಮೇಲೆ ಅಳೆದೆ. ಗೊತ್ತಾದ ಮೇಲೂ ಯಾರಿಗೂ ಹೇಳ್ಲಿಲ್ಲ. ಸೋಮವಾರ ಅಳೆದದ್ದು ಮಾತ್ರ ಸರಿ. ಮೂರು ಸಲ ಅಳೆದೆ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ನಗಲಿಲ್ಲ. ಅವಳು ನಗದೆ ಇದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ನಾಕು ತಿಂಗ್ಳು ಆ ಪೆಟ್ಗಿಗೆ ಬಯ್ದೆ ನಾನು. ಬೈಸ್ಕಣ್ಬೇಕಾದವ್ರು ನೀವಾಗಿತ್ತು" ಎಂದಳು.

"ಹೌದು."

"ಮತ್ತೆ ಸೋಮಾರ ಎಂತಕ್ಕೆ ಹೇಳ್ಲಿಲ್ಲ?"

ಅಲ್ಲೇ ಮೊಬೈಲಿನಿಂದ ಡಾಕ್ಟರಿಗೆ ಫೋನು ಮಾಡಿದೆ. ಅವಳಿಗೆ ಹೇಳಿದ್ದನ್ನೇ, ಅವಳೆದುರೇ, ಅವರಿಗೂ ಹೇಳಿದೆ. ಅವರು "ಆಗಲೇ ಹೇಳಬೇಕಿತ್ತು" ಎಂದಷ್ಟೇ ಹೇಳಿ, ಗೋವೆಗೆ ತಾವೇ ಮಾತಾಡುವುದಾಗಿ ಫೋನು ಇಟ್ಟರು. ಹತ್ತು ನಿಮಿಷದಲ್ಲಿ ಅವರ ಫೋನು ಬಂತು. ಇವತ್ತೇ ಬರಲಿ, ಸಂಜೆಯೊಳಗೆ ತಲುಪಿದರೆ ನಾಳೆ ಬೆಳಿಗ್ಗೆ ಮಾಡುತ್ತಾರೆ. ಅವಳ ಮನೆಯ ಪಕ್ಕದ ಅಂಗಡಿಗೆ ಫೋನು ಮಾಡಿ ಗಂಡನಿಗೆ ಸುದ್ದಿ ಮುಟ್ಟಿಸಿದೆವು. ಅವನು ಕಾರವಾರದಲ್ಲಿ ಬಂದು ಸೇರುತ್ತೇನೆಂದ.

ಚಿಕ್ಕಿ ಬುಟ್ಟಿಯನ್ನೇ ನೋಡುತ್ತ ನಿಂತಿದ್ದಳು. "ಇದ್ನ ಎಂತ ಮಾಡೂದು? ಅಗಸೂರಾಗೆ ಎಂಟ್ ಮನಿಗೆ ಇವತ್ತು ಬತ್ತೆ ಅಂದಿದೆ. ಮೀನು ಕಾಯೂದಿಲ್ಲ."

"ನಾ ಕೊಡ್ತೆ. ನನ್ನೂರೇ ಅಲ್ವಾ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಸ್ತ್ರಿ ಮಾಡಿದ ಚೂಡಿದಾರ, ಹೆಗಲಿಗೆ ಚೀಲ. ತನ್ನ ತಲೆಯ ಸಿಂಬೆ ತೆಗೆದು ನನ್ನ ತಲೆಯ ಮೇಲಿಟ್ಟಳು. "ಹೊತ್ಕಣಿ ಹಂಗಾರೆ" ಎಂದಳು. ಮೊದಲ ಮನೆ ಯಾವುದು, ಯಾರಿಗೆ ಶೆಟ್ಲಿ ಸೀಗಡಿ, ಯಾರಿಗೆ ಬಂಗಡೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಎಲ್ಲ ಹೇಳಿದಳು. ಆಮೇಲೆ ಕಾರವಾರದ ಬಸ್ಸು ಹತ್ತಿ ಕಿಟಕಿಯ ಬದಿಗೆ ಕೂತಳು. ಬಸ್ಸು ಹೊರಡುವವರೆಗೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಅಗಸೂರಿನ ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿಯನ್ನು ಹಿಂದಕ್ಕೆ ಹಾಕಿಸಿದ. ಇಳಿದ ಮೇಲೆ ತಲೆಗೇರಿಸಿಕೊಂಡೆ. ಬುಟ್ಟಿ ಹೊರುವುದು ಜಂಬದ ಬೆರಳುಗಳ ಕೆಲಸವಲ್ಲ, ಕುತ್ತಿಗೆಯ ಕೆಲಸ. ಹತ್ತು ಹೆಜ್ಜೆಗೇ ಕತ್ತು ಬಿಗಿದುಕೊಂಡಿತು, ಮೀನಿನ ನೀರು ಬೆನ್ನಿಗಿಳಿಯಿತು. ಆಸರೆಗೆ ಎಡಗೈ ತಾನಾಗಿ ಮೇಲೆ ಹೋಯಿತು. ಎಂಟು ಮನೆಯವರೂ ಬುಟ್ಟಿಯನ್ನು ಒಂದು ಸಲ, ನನ್ನನ್ನು ಎರಡು ಸಲ ನೋಡಿದರು. ಚಿಕ್ಕಿ ಎಲ್ಲಿ ಎಂದು ಎಲ್ಲರೂ ಕೇಳಿದರು, ಎಲ್ಲರಿಗೂ ಹೇಳಿದೆ. ನಾಯಿ ಕಚ್ಚಲಿಲ್ಲ. ಒಂಬತ್ತನೆಯ ಮನೆ ನಮ್ಮದು. ಅಂಗಳದಲ್ಲಿ ಭತ್ತ ಹರಡುತ್ತಿದ್ದ ಆಯಿ ತಲೆಯೆತ್ತಿ, "ನಿನ್ನ ಓದ್ಸಿದ್ದು ಇದ್ಕೇಯಾ?" ಎಂದಳು. ಕಾರಣ ಕೇಳಿದ ಮೇಲೆ ಬುಟ್ಟಿ ಇಳಿಸಿಕೊಂಡು, ಚಿಕ್ಕಿಗೆ ಕೊಡುತ್ತಿದ್ದ ಅದೇ ಚೊಂಬಿನಲ್ಲಿ ಮಜ್ಜಿಗೆ ತಂದು ಕೊಟ್ಟಳು. ಕುಡಿಯುವಾಗ ನನಗೆ ಅಳು ಬಂತು. ಗುರುವಾರ ಬೆಳಿಗ್ಗೆ ಅವಳ ಕೈ ಉಳಿಯದಿದ್ದರೆ ಈ ಅಂಗಳಕ್ಕೆ ಮುಖ ತೋರಿಸುವುದು ಹೇಗೆ ಎಂದು ಭಯವಾಗಿತ್ತು.

ಕೈ ಉಳಿಯಿತು. ಮೊಣಕೈಯ ಮೇಲೆ ನಾಳ ದಾರದೆಳೆಯಷ್ಟು ಕಿರಿದಾಗಿತ್ತಂತೆ. ಬಲೂನು ಹಾಕಿ ಹಿಗ್ಗಿಸಿದರು. ಇನ್ನು ಒಂದು ವಾರ ತಡೆದಿದ್ದರೆ ಮುಚ್ಚಿಹೋಗುತ್ತಿತ್ತು ಎಂದು ಅಲ್ಲಿಯ ಡಾಕ್ಟರು ನಮ್ಮವರಿಗೆ ಫೋನಿನಲ್ಲಿ ಹೇಳಿದರು. ಅಂದಿನ ಡಯಾಲಿಸಿಸನ್ನೂ ಅಲ್ಲೇ ಮುಗಿಸಿ ಕಳಿಸಿದರು. ನಮ್ಮ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹತ್ತು ನಿಮಿಷ ಬಯ್ದರು. ಬಯ್ದು ಮುಗಿಸಿ, ಸೋಮವಾರಕ್ಕೆ ಪೆಟ್ಟಿಗೆ ಮತ್ತೊಮ್ಮೆ ಕಳಿಸುವಂತೆ ಕಂಪನಿಯವರಿಗೆ ತಾವೇ ಹೇಳಿದರು.

ಸೋಮವಾರ ಏಳರ ಬಸ್ಸು ಕಾರವಾರ ಮುಟ್ಟುವ ಹೊತ್ತಿಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಚಿಕ್ಕಿ ಬಂದಳು. ಇಂಜಿನ್ ಎನ್ನಲಿಲ್ಲ, ತೋಳು ಮುಂದೆ ಚಾಚಲಿಲ್ಲ. ಹೊಸ್ತಿಲ ಮೇಲೆ ನಿಂತು, ಶಾಲೆಯ ಮಕ್ಕಳು ಎತ್ತುವ ಹಾಗೆ ಎಡಗೈ ನೆಟ್ಟಗೆ ಮೇಲೆತ್ತಿದಳು. ನೋಡುತ್ತಿದ್ದ ಹಾಗೆಯೇ ಆ ಹಗ್ಗ ಕುಗ್ಗಿ, ಕುಗ್ಗಿ, ಚರ್ಮದಲ್ಲಿ ಇಲ್ಲವಾಯಿತು.

"ಹಾಜ್ರಿ ತಕಣಿ ಅಕ್ಕೋರೆ" ಎಂದಳು.

ಹಾಸಿಗೆಗೆ ಕರೆದುಕೊಂಡು ಹೋಗಿ ಸೂಜಿ ಹಾಕಿದೆ, ಒಂದೇ ಸಲಕ್ಕೆ. ಗಂಜಿಯ ಡಬ್ಬಿಯನ್ನು ಅವಳು ಕಿಟಕಿಯ ಕಟ್ಟೆಯ ಮೇಲೆ ದೂರ ಇಟ್ಟಳು. ಪಕ್ಕದ ಹಾಸಿಗೆಯವರು ಅಭ್ಯಾಸ ಬಲದಿಂದ ಡಬ್ಬಿಗೆ ಕೈ ಹಾಕಿದರೆ, "ಪೆಟ್ಗಿ ಕೆಲ್ಸ ಮುಗೀಲಿ, ಆಮೇಲೆ" ಎಂದು ಗದರಿದಳು. ನಳಿಕೆ ಅದಲುಬದಲು ಮಾಡಿ, ಸೆನ್ಸರ್ ಕಚ್ಚಿಸಿ, ಸಲೈನ್ ಬಿಟ್ಟೆ. ಒಂಬೈನೂರಾ ಹತ್ತು. ಕಾಗದದ ಮೇಲೆ ಬರೆದು, ಪಕ್ಕದಲ್ಲಿ ಗಂಟೆ, ಬಿಪಿ ಎರಡನ್ನೂ ಬರೆದೆ.

"ಬರ್ಕಂಡ್ರಾ?" ಎಂದಳು.

"ಬರ್ಕಂಡೆ."

ಡಬ್ಬಿ ತಂದು, ಮುಚ್ಚಳ ತೆಗೆದು ಅವಳ ಮಡಿಲಲ್ಲಿಟ್ಟೆ. ಗಂಜಿ ತಣ್ಣಗಾಗಿ ಮೇಲೆ ಕೆನೆಗಟ್ಟಿತ್ತು. ಅವಳು ಡಬ್ಬಿಯ ಅಂಚಿನ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ಈಗೆ ಖರೆ ಹೇಳಿ. ಆವತ್ತು ಅಳೆಯೂದ್ನ ಎಂತಕ್ಕೆ ಬಿಟ್ರಿ?"

"ನಿಂಗೆ ಹಸಿವಾಗಿತ್ತು ಚಿಕ್ಕಿ."

ಅವಳು ಬಂಗಡೆಯ ತುಂಡನ್ನು ಮುರಿದು ಗಂಜಿಗೆ ಹಾಕಿದಳು. "ಹಸಿವು ಕಾಯ್ತದೆ ತಂಗಿ" ಎಂದಳು. "ಕೈ ಕಾಯೂದಿಲ್ಲ." ಆಮೇಲೆ ಉಣ್ಣತೊಡಗಿದಳು.